ಮನೆಯ ಕೋಣೆಯಲ್ಲೊಂದು ಧ್ವನಿಮುದ್ರಣ ಸ್ಟುಡಿಯೊ: ಯೋಜನೆ ಹಾಕುವ ಬಗೆ

ಮನೆಯಲ್ಲಿ ರೆಕಾರ್ಡಿಂಗ್ ಸ್ಟುಡಿಯೊ ಮಾಡಿಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಮೈಕ್ ಕೊಳ್ಳಬೇಕು ಎಂಬ ಪ್ರಶ್ನೆಯನ್ನೇ. ಮೈಕಿನ ಮಾತನ್ನು ಒಂದು ವಾರ ಬದಿಗಿಟ್ಟು, ಮನೆಯಲ್ಲಿ ಏನೇನು ಕೇಳಿಸುತ್ತದೆ ಎಂಬುದನ್ನು ಮೊದಲು ಕಿವಿಗೊಟ್ಟು ಗಮನಿಸಿ ಎಂಬುದು ನನ್ನ ಉತ್ತರ. ನಮ್ಮ ಮನೆಗಳ ಗೋಡೆಗಳಿಗೆ ಸಿಮೆಂಟಿನ ಗಾರೆ, ನೆಲಕ್ಕೆ ಗ್ರಾನೈಟ್ ಅಥವಾ ಟೈಲ್ಸ್, ಕಿಟಕಿಯ ಆಚೆಗೆ ಬೀದಿ. ಈ ಮೂರನ್ನು ಮೊದಲು ಪಳಗಿಸದೆ ಎಷ್ಟೇ ದುಬಾರಿ ಮೈಕ್ ತಂದಿಟ್ಟರೂ ಅದು ಬೀದಿಯ ಸದ್ದನ್ನೂ ಗೋಡೆಯ ಪ್ರತಿಧ್ವನಿಯನ್ನೂ ಇನ್ನಷ್ಟು ಸ್ಪಷ್ಟವಾಗಿ ಹಿಡಿದುಕೊಡುತ್ತದೆ, ಅಷ್ಟೆ.

ಇಲ್ಲಿ ಉದಾಹರಣೆಗೆ 30×40ರ ನಿವೇಶನದ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ, 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಮಲಗುವ ಕೋಣೆಯನ್ನು ತೆಗೆದುಕೊಳ್ಳುತ್ತೇನೆ. ಅಲ್ಲಿ ಧ್ವನಿಮುದ್ರಣವಾಗಬೇಕಾದದ್ದು ಕರ್ನಾಟಕ ಸಂಗೀತ ಇಲ್ಲವೆ ಭಾವಗೀತೆ: ಒಬ್ಬರು ಹಾಡುವವರು, ಒಂದು ಪಿಟೀಲು ಅಥವಾ ವೀಣೆ, ಒಂದು ಮೃದಂಗ. ಮನೆಯಿಂದ ಇಂಥ ಕೆಲಸ ಮಾಡುವುದು ನಮ್ಮ ನಾಡಿಗೆ ಹೊಸದಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಆರಂಭಿಸಿದ್ದರು. ಅಂದಿಗೆ ಹೋಲಿಸಿದರೆ ಇಂದು ಸಲಕರಣೆ ಸುಲಭವಾಗಿ ಸಿಗುತ್ತದೆ. ಸಿಗದೇ ಇರುವುದು ನಿಶ್ಶಬ್ದವೊಂದೇ.

ಮೊದಲು ಸದ್ದಿನ ದಿನಚರಿ

ಒಂದು ನೋಟ್‌ಬುಕ್ ಹಿಡಿದು, ಸ್ಟುಡಿಯೊ ಆಗಬೇಕಾದ ಕೋಣೆಯಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ ಹತ್ತು ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕೇಳಿಸಿದ ಪ್ರತಿಯೊಂದು ಸದ್ದನ್ನೂ ಸಮಯದೊಂದಿಗೆ ಬರೆದುಕೊಳ್ಳಿ. ಬೆಳಗ್ಗೆ ಕುಕ್ಕರಿನ ಸೀಟಿ, ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟರು, ತರಕಾರಿ ಗಾಡಿಯವರ ಕೂಗು, ಶಾಲೆಯ ವ್ಯಾನು, ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದು, ರಾತ್ರಿ ನಾಯಿಗಳ ಬೊಗಳಾಟ. ಇವುಗಳಲ್ಲಿ ಎರಡು ಜಾತಿಯನ್ನು ಬೇರೆ ಮಾಡಿ. ಗಾಳಿಯಲ್ಲಿ ಬರುವ ಸದ್ದನ್ನು ಬಾಗಿಲು ಕಿಟಕಿಗಳ ಸಂದು ಮುಚ್ಚಿ ಬಹಳಷ್ಟು ತಡೆಯಬಹುದು. ಮೋಟರಿನ ನಡುಕ, ಮೇಲಿನ ಅಂತಸ್ತಿನ ಹೆಜ್ಜೆಯ ಸದ್ದು ಮುಂತಾದವು ಕಟ್ಟಡದ ಮೈಯೊಳಗೇ ಹರಿದು ಬರುವುದರಿಂದ ಅವನ್ನು ಕೋಣೆಯ ಒಳಗೆ ಕುಳಿತು ತಡೆಯಲು ಬಹುಮಟ್ಟಿಗೆ ಸಾಧ್ಯವೇ ಇಲ್ಲ. ಅವು ಇಲ್ಲದ ಹೊತ್ತನ್ನು ಆರಿಸಿಕೊಳ್ಳುವುದೇ ಪರಿಹಾರ. ಮೋಟರಿನ ಅಡಿಗೆ ದಪ್ಪ ರಬ್ಬರಿನ ತುಂಡುಗಳನ್ನು ಇಟ್ಟರೆ ನಡುಕ ಸ್ವಲ್ಪ ತಗ್ಗುತ್ತದೆ.

ಮೊಬೈಲಿನ ಡೆಸಿಬಲ್ ಅಳೆಯುವ ಆ್ಯಪುಗಳ ಅಂಕಿಯನ್ನು ನಿಖರವೆಂದು ನಂಬಬೇಡಿ. ಆದರೆ ಒಂದೇ ಫೋನನ್ನು ಒಂದೇ ಜಾಗದಲ್ಲಿಟ್ಟು ಬೆಳಗ್ಗೆ, ಮಧ್ಯಾಹ್ನ, ರಾತ್ರಿಗಳ ಅಂಕಿಗಳನ್ನು ಹೋಲಿಸಿ ನೋಡಲು ಅವು ಸಾಕು. ಎರಡು ಮೂರು ಕೋಣೆಗಳಲ್ಲಿ ಆಯ್ಕೆಯಿದ್ದರೆ, ಚೌಕಾಕಾರವಲ್ಲದ, ರಸ್ತೆಯ ಕಡೆಗೆ ಕಿಟಕಿಯಿಲ್ಲದ, ಅಡುಗೆಮನೆ ಮತ್ತು ಬಚ್ಚಲುಮನೆಗಳಿಗೆ ಗೋಡೆ ಹಂಚಿಕೊಳ್ಳದ ಕೋಣೆಯನ್ನು ಆರಿಸಿ. ಮಲೆನಾಡು, ಕರಾವಳಿಗಳಲ್ಲಿ ಹೆಂಚಿನ ಅಥವಾ ಶೀಟಿನ ಮಾಡಿನ ಕೆಳಗಿನ ಕೋಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ನಡೆಯುವುದು ಕಷ್ಟ. ಅಲ್ಲಿ ಕಾಂಕ್ರೀಟ್ ತಾರಸಿಯ ಕೋಣೆಯೇ ಬೇಕು, ಅದು ಚಿಕ್ಕದಾದರೂ ಸರಿಯೇ.

ತಡೆಯುವುದು ಬೇರೆ, ಹೀರುವುದು ಬೇರೆ

ಹೆಚ್ಚಿನವರ ಹಣ ಪೋಲಾಗುವುದು ಇಲ್ಲಿಯ ಗೊಂದಲದಿಂದ. ಹೊರಗಿನ ಸದ್ದು ಒಳಗೆ ಬಾರದಂತೆ, ಒಳಗಿನದು ಹೊರಗೆ ಹೋಗದಂತೆ ತಡೆಯುವುದಕ್ಕೆ ಬೇಕಾದದ್ದು ತೂಕ ಮತ್ತು ಬಿಗಿ. ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುವುದಕ್ಕೆ ಬೇಕಾದದ್ದು ಗಾಳಿಯಾಡುವ, ನಾರಿನಂಥ, ದಪ್ಪ ವಸ್ತು. ಒಂದು ಕೆಲಸಕ್ಕೆ ಆಗುವುದು ಇನ್ನೊಂದಕ್ಕೆ ಆಗುವುದಿಲ್ಲ. ಗೋಡೆಗೆಲ್ಲ ಫೋಮ್ ಅಂಟಿಸಿದರೆ ಪಕ್ಕದ ಮನೆಗೆ ಮೃದಂಗ ಕೇಳಿಸುವುದು ನಿಲ್ಲುವುದಿಲ್ಲ. ಮೊಟ್ಟೆಯ ಟ್ರೇಗಳಂತೂ ಎರಡೂ ಕೆಲಸಕ್ಕೆ ಬಾರವು. ಅವು ಧೂಳು ಕೂರಿಸಿಕೊಳ್ಳುತ್ತವೆ, ಬೆಂಕಿ ತಗುಲಿದರೆ ಬೇಗ ಉರಿಯುತ್ತವೆ.

ತಡೆಯುವ ವಿಷಯದಲ್ಲಿ ನಮ್ಮ ಮನೆಗಳಿಗೆ ಒಂದು ಅನುಕೂಲವಿದೆ. ಎರಡೂ ಬದಿಗೆ ಗಾರೆ ಮಾಡಿದ 9 ಇಂಚಿನ ಇಟ್ಟಿಗೆ ಗೋಡೆ ಸದ್ದನ್ನು ಬಹಳ ಚೆನ್ನಾಗಿ ತಡೆಯುತ್ತದೆ. ಸೋರಿಕೆ ಇರುವುದು ಬಾಗಿಲು, ಕಿಟಕಿ ಮತ್ತು ಅವುಗಳ ಮೇಲಿನ ವೆಂಟಿಲೇಟರುಗಳಲ್ಲಿ. ಒಂದು ಗೋಡೆಯ ವಿಸ್ತೀರ್ಣದಲ್ಲಿ ನೂರಕ್ಕೆ 1 ಪಾಲು ತೆರೆದಿದ್ದರೆ ಸಾಕು, ಉಳಿದ ಗೋಡೆ ಎಷ್ಟೇ ದಪ್ಪವಿದ್ದರೂ ಒಟ್ಟು ತಡೆ 20 ಡೆಸಿಬಲ್ ದಾಟುವುದಿಲ್ಲ. ಆದ್ದರಿಂದ ಮೊದಲ ಖರ್ಚು ಬಾಗಿಲಿನ ಚೌಕಟ್ಟಿನ ಸುತ್ತಲಿನ ರಬ್ಬರ್ ಬೀಡಿಂಗ್, ಹೊಸ್ತಿಲಿನ ಸಂದಿಗೆ ಒಂದು ಸೀಲು ಮತ್ತು ವೆಂಟಿಲೇಟರಿಗೆ ಬಿಗಿಯಾದ ಮುಚ್ಚಳ. ಬಾಗಿಲು ಪೊಳ್ಳು ಫ್ಲಶ್ ಡೋರ್ ಆಗಿದ್ದರೆ ಅದನ್ನು ಭಾರವಾದ ಗಟ್ಟಿ ಬಾಗಿಲಿಗೆ ಬದಲಾಯಿಸುವುದು ಒಳ್ಳೆಯದು. ಕಿಟಕಿಗೆ, ಇರುವ ಗಾಜಿನಿಂದ ಸುಮಾರು 4 ಇಂಚು ಬಿಟ್ಟು ಒಳಬದಿಗೆ 6 ಮಿಲಿಮೀಟರ್ ದಪ್ಪದ ಇನ್ನೊಂದು ಗಾಜನ್ನು ಬಿಗಿಯಾಗಿ ಕೂರಿಸಿದರೆ ವ್ಯತ್ಯಾಸ ಅಂದೇ ತಿಳಿಯುತ್ತದೆ.

ಹೀಗೆ ಬಿಗಿ ಮಾಡಿದ ಕೋಣೆಗೆ ಗಾಳಿ ಬರುವುದಿಲ್ಲ ಎಂಬುದನ್ನು ಯೋಜನೆಯಲ್ಲೇ ಸೇರಿಸಿಕೊಳ್ಳಬೇಕು. ಮೂವರು ಕುಳಿತು ಹಾಡಿದರೆ ಒಂದು ಗಂಟೆಯೊಳಗೆ ಉಸಿರು ಕಟ್ಟಿದಂತಾಗುತ್ತದೆ. ಫ್ಯಾನಾಗಲಿ ಏಸಿಯಾಗಲಿ ಮುದ್ರಣ ನಡೆಯುವಾಗ ನಿಂತಿರಬೇಕು. ಮೊದಲೇ ಕೋಣೆಯನ್ನು ತಂಪು ಮಾಡಿಕೊಂಡು, ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ಬಾಗಿಲು ತೆರೆದು ವಿರಾಮ ಕೊಡುವುದೇ ಅಗ್ಗದ ಮತ್ತು ಆರೋಗ್ಯಕರವಾದ ದಾರಿ. ಇನ್ನೊಂದು ಮಾತು: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಶಬ್ದದ ಮಿತಿ 45 ಡೆಸಿಬಲ್, ಹಗಲಿನಲ್ಲಿ 55. ಹೊರಗಿನ ಸದ್ದಿಲ್ಲವೆಂದು ರಾತ್ರಿಯನ್ನೇ ಆರಿಸಿಕೊಳ್ಳುವವರು ಅದೇ ಹೊತ್ತಿನಲ್ಲಿ ನೆರೆಯವರಿಗೆ ತಮ್ಮ ಮೃದಂಗವೂ ಅತಿ ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದನ್ನು ಮರೆಯಬಾರದು. ತಾಳವಾದ್ಯಕ್ಕೆ ಹಗಲು, ಗಾಯನ ಮತ್ತು ವೀಣೆಗೆ ರಾತ್ರಿ ಎಂದು ಹಂಚಿಕೊಂಡರೆ ಇಬ್ಬರಿಗೂ ನೆಮ್ಮದಿ.

ಕೋಣೆ ತಾನೇ ಹಾಡುವುದನ್ನು ತಗ್ಗಿಸುವುದು

ಪೀಠೋಪಕರಣಗಳನ್ನೆಲ್ಲ ಹೊರಗಿಟ್ಟು, ಖಾಲಿ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಎದುರುಬದುರು ಗೋಡೆಗಳ ನಡುವೆ ಸದ್ದು ಪಟಪಟನೆ ಓಡಾಡುವುದು ಕೇಳಿಸುತ್ತದೆ. ಗಾರೆ ಮತ್ತು ಕಲ್ಲಿನ ನೆಲ ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಎರಡು ಮೂರು ಪಾಲನ್ನಷ್ಟೇ ಹೀರುತ್ತವೆ. ನಮ್ಮ ಉದಾಹರಣೆಯ ಕೋಣೆಯ ಒಳ ಅಳತೆ ಸುಮಾರು 34 ಘನ ಮೀಟರ್. ಸದ್ದು 60 ಡೆಸಿಬಲ್‌ನಷ್ಟು ಇಳಿಯಲು ಹಿಡಿಯುವ ಕಾಲವನ್ನು ಅನುರಣನ ಕಾಲ ಎನ್ನುತ್ತಾರೆ. ಕೋಣೆಯ ಗಾತ್ರ ಮತ್ತು ಹೀರುವಿಕೆಗಳಿಂದ ಇದನ್ನು ಕಂಡುಹಿಡಿಯುವ ಸೇಬಿನ್ ಸೂತ್ರದ ಪ್ರಕಾರ ಲೆಕ್ಕ ಹಾಕಿದರೆ, ಖಾಲಿಯಿದ್ದಾಗ ಈ ಕೋಣೆಯ ಅನುರಣನ ಕಾಲ ಸುಮಾರು ಮೂರು ಸೆಕೆಂಡ್ ಇಲ್ಲವೆ ಅದಕ್ಕೂ ಹೆಚ್ಚು ಬರುತ್ತದೆ. ಧ್ವನಿಮುದ್ರಣಕ್ಕೆ ಇದು 0.3ರಿಂದ 0.4 ಸೆಕೆಂಡ್‌ಗೆ ಇಳಿಯಬೇಕು. ನಮ್ಮ ಸಂಗೀತಕ್ಕೆ ನಾನು 0.4ನ್ನೇ ಆರಿಸುತ್ತೇನೆ, ಏಕೆಂದರೆ ಪೂರ್ತಿ ಸತ್ತ ಕೋಣೆಯಲ್ಲಿ ಗಾಯಕರಿಗೆ ತಮ್ಮ ಸ್ವರವೇ ಮರಳಿ ಕೇಳಿಸದೆ, ಅವರು ಅರಿವಿಲ್ಲದೆಯೇ ಗಂಟಲಿಗೆ ಒತ್ತಡ ಹಾಕಿ ಹಾಡತೊಡಗುತ್ತಾರೆ.

0.4 ಸೆಕೆಂಡ್ ತಲುಪಲು ಒಟ್ಟು ಸುಮಾರು 150 ಚದರ ಅಡಿ ಪೂರ್ತಿ ಹೀರುವ ಮೇಲ್ಮೈ ಬೇಕು. ಗೋಡೆಗೆ ಒರಗಿಸಿ ನಿಲ್ಲಿಸಿದ ಹತ್ತಿಯ ಹಾಸಿಗೆ, ನೆರಿಗೆ ಹೆಚ್ಚಿರುವ ದಪ್ಪ ಪರದೆ, ತುಂಬಿದ ಪುಸ್ತಕದ ಕಪಾಟು ಮತ್ತು ಒಳಗೆ ಕುಳಿತ ಮೂರು ಜನ ಸೇರಿ ಐವತ್ತು ಚದರ ಅಡಿಗೂ ಮೇಲಷ್ಟನ್ನು ಕೊಡಬಲ್ಲರು. ಉಳಿದದ್ದಕ್ಕೆ 2 ಅಡಿ ಅಗಲ, 4 ಅಡಿ ಉದ್ದದ ಹನ್ನೆರಡು ಫಲಕಗಳು ಸಾಕು. ಕಟ್ಟಡಗಳಿಗೆ ಶಾಖನಿರೋಧಕ ಸಾಮಗ್ರಿ ಮಾರುವವರಲ್ಲಿ ರಾಕ್‌ವೂಲ್ ಹಲಗೆಗಳು ಸಿಗುತ್ತವೆ. ಘನ ಮೀಟರಿಗೆ 48ರಿಂದ 64 ಕಿಲೋ ಸಾಂದ್ರತೆಯ, 50 ಮಿಲಿಮೀಟರ್ ದಪ್ಪದ ಹಲಗೆ ತಂದು ಮರದ ಚೌಕಟ್ಟಿನೊಳಗೆ ಕೂರಿಸಿ ಬಟ್ಟೆ ಹೊದಿಸಬೇಕು. ಬಟ್ಟೆಗೆ ಬಾಯಿಟ್ಟು ಊದಿದರೆ ಉಸಿರು ಆಚೆಗೆ ಹೋಗಬೇಕು. ತೆಳುವಾದ ಖಾದಿ ಇದಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ, ರೆಕ್ಸಿನ್ ಒಗ್ಗುವುದಿಲ್ಲ. ನಾರು ಚರ್ಮಕ್ಕೂ ಶ್ವಾಸಕ್ಕೂ ತೊಂದರೆ ಕೊಡುವುದರಿಂದ ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿ. ರಾಕ್‌ವೂಲ್ ಉರಿಯುವುದಿಲ್ಲ, ಅಗ್ಗದ ಫೋಮ್ ಧಗಧಗ ಉರಿದು ವಿಷದ ಹೊಗೆ ಬಿಡುತ್ತದೆ. ಒಂದೇ ಬಾಗಿಲಿನ ಮುಚ್ಚಿದ ಕೋಣೆಯ ಮಟ್ಟಿಗೆ ನನಗೆ ಈ ಕಾರಣವೊಂದೇ ಸಾಕು.

ಫಲಕವನ್ನು ಗೋಡೆಗೆ ಅಂಟಿಸದೆ ಎರಡು ಇಂಚು ಬಿಟ್ಟು ನೇತುಹಾಕಿದರೆ ಅದೇ ಫಲಕ ಇನ್ನೂ ಕೆಳಗಿನ ಸ್ವರಗಳವರೆಗೆ ಹೀರುತ್ತದೆ. ಗೋಡೆಗೆ ತಾಗಿದಲ್ಲಿ ಗಾಳಿಯ ಕಣಗಳ ಚಲನೆ ಇರುವುದಿಲ್ಲ, ಗೋಡೆಯಿಂದ ತರಂಗದೂರದ (ಸದ್ದಿನ ಒಂದು ಅಲೆಯ ಉದ್ದದ) ಕಾಲುಭಾಗದಷ್ಟು ಈಚೆಗೆ ಅದು ಅತಿ ಹೆಚ್ಚು. 1000 ಹರ್ಟ್ಸ್‌ನ ಸದ್ದಿಗೆ ಆ ಕಾಲುಭಾಗ ಎಂಟೂವರೆ ಸೆಂಟಿಮೀಟರ್. 100 ಹರ್ಟ್ಸ್‌ಗೆ 86 ಸೆಂಟಿಮೀಟರ್. ಒಂದು ಇಂಚಿನ ಫೋಮ್ ಗೋಡೆತುಂಬ ಹಚ್ಚಿದ ಕೋಣೆಯಲ್ಲಿ ಧ್ವನಿ ಮಂಕಾಗಿಯೂ ಗುಮ್ಮೆನ್ನುತ್ತಲೂ ಇರುವುದಕ್ಕೆ ಇದೇ ಕಾರಣ: ಮೇಲಿನ ಸ್ವರಗಳೆಲ್ಲ ಹೀರಿಹೋಗಿ ಕೆಳಗಿನವು ಹಾಗೆಯೇ ಉಳಿದಿರುತ್ತವೆ.

ಆ ಕೆಳಗಿನ ಸ್ವರಗಳೇ ಚಿಕ್ಕ ಕೋಣೆಯ ದೊಡ್ಡ ಕಷ್ಟ. ಎದುರುಬದುರಿನ ಎರಡು ಗೋಡೆಗಳ ನಡುವಿನ ದೂರಕ್ಕೆ ಹೊಂದುವ ಕೆಲವು ಆವೃತ್ತಿಗಳಲ್ಲಿ ಕೋಣೆ ತಾನೇ ಅನುನಾದ ಕೊಡುತ್ತದೆ, ಅಂದರೆ ಆ ಸ್ವರಗಳನ್ನು ತಾನೇ ಹಿಗ್ಗಿಸುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1130 ಅಡಿ. ಅದನ್ನು ಕೋಣೆಯ ಅಳತೆಯ ಎರಡರಷ್ಟರಿಂದ ಭಾಗಿಸಿದರೆ ಮೊದಲ ಅನುನಾದ ಸಿಗುತ್ತದೆ. 12 ಅಡಿಗೆ 47 ಹರ್ಟ್ಸ್, ಆಮೇಲೆ ಅದರ ಎರಡರಷ್ಟು, ಮೂರರಷ್ಟಾದ 94 ಮತ್ತು 141. 10 ಅಡಿಗೆ 56, 113, 169. ನಮ್ಮ ಕೋಣೆಯ ಅಗಲವೂ ಎತ್ತರವೂ 10 ಅಡಿಯೇ ಆಗಿರುವುದರಿಂದ ಈ ಎರಡನೆಯ ಸಾಲು ಇಮ್ಮಡಿಯಾಗಿ ಮೊಳಗುತ್ತದೆ. ಇದನ್ನು ಸಂಗೀತದ ಭಾಷೆಯಲ್ಲಿ ನೋಡೋಣ. ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಂಡು ಧ್ವನಿಯ ಷಡ್ಜ ಸುಮಾರು 139 ಹರ್ಟ್ಸ್, ಅದು ಕೋಣೆಯ 141ಕ್ಕೆ ಅತಿ ಹತ್ತಿರ. 113 ಹರ್ಟ್ಸ್ ಮಂದ್ರ ಧೈವತದ ಆಸುಪಾಸಿನಲ್ಲಿದೆ. ಹಾಗಾಗಿ ಆ ಗಾಯಕರು ಷಡ್ಜದಲ್ಲಿ ನಿಂತಾಗಲೆಲ್ಲ ಧ್ವನಿ ಉಬ್ಬುತ್ತದೆ, ಮಂದ್ರಕ್ಕೆ ಇಳಿದಾಗ ಒಂದು ಸ್ವರ ಮಾತ್ರ ಗುಡುಗುತ್ತದೆ, ಪಕ್ಕದ ಸ್ವರ ಸಪ್ಪಗಾಗುತ್ತದೆ. ಕೇಳುವವರು ಅದನ್ನು ಗಾಯಕರ ದೋಷವೆಂದೇ ತಿಳಿಯುತ್ತಾರೆ. ನೀವು ಹೆಚ್ಚಾಗಿ ಬಳಸುವ ಶ್ರುತಿಯನ್ನೂ ನಿಮ್ಮ ಕೋಣೆಯ ಅಳತೆಯನ್ನೂ ಹೀಗೆ ಎದುರುಬದುರು ಬರೆದು ನೋಡುವ ಹತ್ತು ನಿಮಿಷದ ಲೆಕ್ಕ ಬಹಳ ತಲೆನೋವನ್ನು ತಪ್ಪಿಸುತ್ತದೆ.

ಇದಕ್ಕೆ ಮದ್ದು ಮೂಲೆಗಳಲ್ಲಿದೆ. ಎಲ್ಲ ಅನುನಾದಗಳ ಒತ್ತಡವೂ ಮೂಲೆಗಳಲ್ಲಿ ಗರಿಷ್ಠವಾಗಿರುವುದರಿಂದ, ಹನ್ನೆರಡರಲ್ಲಿ ನಾಲ್ಕರಿಂದ ಆರು ಫಲಕಗಳನ್ನು 100 ಮಿಲಿಮೀಟರ್ ದಪ್ಪದವಾಗಿ ಮಾಡಿ, ಮೂಲೆಗಳಿಗೆ ಅಡ್ಡವಾಗಿ, ಹಿಂದೆ ತ್ರಿಕೋನದ ಖಾಲಿ ಬಿಟ್ಟು ನಿಲ್ಲಿಸಿ. ಉಳಿದವು ಹಾಡುವವರ ಎರಡು ಬದಿ, ಬೆನ್ನ ಹಿಂದೆ ಮತ್ತು ತಲೆಯ ಮೇಲೆ. ಸ್ಪೀಕರಿನಲ್ಲಿ ಕೇಳಿ ಮಿಕ್ಸಿಂಗ್ (ಮುದ್ರಿಸಿದ ಧ್ವನಿಗಳನ್ನು ಹದವಾಗಿ ಬೆರೆಸುವ ಕೆಲಸ) ಮಾಡುವವರು, ಸ್ಪೀಕರುಗಳನ್ನು ಕೋಣೆಯ ಉದ್ದಕ್ಕೆ ಮುಖ ಮಾಡಿಟ್ಟು, ಮುಂದಿನ ಗೋಡೆಯಿಂದ ಉದ್ದದ ಶೇಕಡ 38ರಷ್ಟು, ಅಂದರೆ ಇಲ್ಲಿ ಸುಮಾರು ನಾಲ್ಕೂವರೆ ಅಡಿ ದೂರದಲ್ಲಿ ಕುಳಿತು ಆರಂಭಿಸಿ. ಸರಿಯಾಗಿ ನಡುವೆ ಕೂರಬೇಡಿ. ಅಲ್ಲಿ 47 ಹರ್ಟ್ಸ್ ಕೇಳಿಸುವುದೇ ಇಲ್ಲ. ಕುಳಿತಲ್ಲಿಂದ, ಇನ್ನೊಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿಯೊಂದನ್ನು ಸರಿಸುತ್ತಾ ಹೋದಾಗ ಎಲ್ಲಿ ಸ್ಪೀಕರ್ ಕಾಣುತ್ತದೆಯೋ ಅಲ್ಲೊಂದು ಫಲಕ ಬರಬೇಕು.

ಹಣ ಹಂಚುವ ಬಗೆ

ಕಂಪ್ಯೂಟರ್ ಈಗಾಗಲೇ ಇದೆ, ಕೈಯಲ್ಲಿ 1 ಲಕ್ಷ ರೂಪಾಯಿ ಇದೆ ಎಂದಾದರೆ ನಾನು 30 ಸಾವಿರವನ್ನು ಕೋಣೆಗೆ, 35 ಸಾವಿರವನ್ನು ಮೈಕ್ ಮತ್ತು ಆಡಿಯೊ ಇಂಟರ್‌ಫೇಸಿಗೆ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಗೆ), 15 ಸಾವಿರವನ್ನು ಹೆಡ್‌ಫೋನ್, ಸ್ಟ್ಯಾಂಡ್, ಕೇಬಲ್‌ಗಳಿಗೆ, ಉಳಿದದ್ದನ್ನು ಸ್ಪೀಕರುಗಳಿಗೆ ಇಡುತ್ತೇನೆ. 50 ಸಾವಿರ ಮಾತ್ರ ಇದ್ದರೆ ಸ್ಪೀಕರುಗಳನ್ನು ಬಿಟ್ಟುಬಿಡುತ್ತೇನೆ, ಕೋಣೆಯ ಪಾಲನ್ನು ಮಾತ್ರ ಆದಷ್ಟು ಕಡಿಮೆ ಮಾಡುವುದಿಲ್ಲ.

ಕಾರಣ ಅಂಕಿಗಳಲ್ಲೇ ಇದೆ. ಆಡಿಯೊ ಟೆಕ್ನಿಕಾ ಎಟಿ2020 ಎಂಬ ಕಂಡೆನ್ಸರ್ ಮೈಕಿನ (ಸಣ್ಣ ಸದ್ದನ್ನೂ ಹಿಡಿಯುವ, ವಿದ್ಯುತ್ ಬೇಡುವ ಬಗೆ) ಸ್ವಂತ ಗೊರಕೆ, ಅಂದರೆ ಮೈಕ್ ತಾನೇ ಹುಟ್ಟಿಸುವ ಸದ್ದು, 20 ಡೆಸಿಬಲ್. ಅದಕ್ಕಿಂತ ದುಬಾರಿಯಾದ ರೋಡ್ ಎನ್‌ಟಿ1ರದು ಸುಮಾರು ನಾಲ್ಕೂವರೆ. ತಂಬೂರಿ, ವೀಣೆಯಂಥ ಮೆಲುದನಿಯ ವಾದ್ಯಕ್ಕೆ ಈ ವ್ಯತ್ಯಾಸ ದೊಡ್ಡದೇ. ಆದರೆ ಕೋಣೆಯ ಹಿನ್ನೆಲೆ ಸದ್ದೇ 35 ಡೆಸಿಬಲ್ ಇದ್ದರೆ ಎರಡು ಮೈಕುಗಳ ಗೊರಕೆಯೂ ಅದರಡಿ ಮುಳುಗಿಹೋಗುತ್ತದೆ; ಹೆಚ್ಚು ಕೊಟ್ಟ ಹಣ ಕೇಳಿಸುವುದೇ ಇಲ್ಲ. ಕೋಣೆಯನ್ನು ಸರಿಪಡಿಸಲು ಸದ್ಯಕ್ಕೆ ಸಾಧ್ಯವೇ ಇಲ್ಲದ ಬಾಡಿಗೆ ಮನೆಯಲ್ಲಿ, ಶೂರ್ ಎಸ್‌ಎಂ58ರಂಥ, ದೂರದ ಸದ್ದನ್ನು ಅಷ್ಟಾಗಿ ಹಿಡಿಯದ ಡೈನಮಿಕ್ ಮೈಕನ್ನು ಬಾಯಿಗೆ ಮೂರು ನಾಲ್ಕು ಇಂಚು ಹತ್ತಿರವಿಟ್ಟು ಹಾಡುವುದು ಎಷ್ಟೋ ಮೇಲು.

ಎರಡು ಮೈಕ್ ಹಿಡಿಯುವ ಇಂಟರ್‌ಫೇಸ್ ಒಬ್ಬರೇ ಹಾಡುವವರಿಗೆ ಸಾಕು. ಮೃದಂಗಕ್ಕೆ ಎರಡು, ಧ್ವನಿಗೆ ಒಂದು, ಪಿಟೀಲಿಗೆ ಒಂದು ಎಂದು ಲೆಕ್ಕ ಹಾಕಿದರೆ ನಾಲ್ಕು ಬೇಕು. ಕಂಡೆನ್ಸರ್ ಮೈಕುಗಳಿಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ಕೇಬಲ್ ಮೂಲಕವೇ ಹೋಗುವ ವಿದ್ಯುತ್) ಪ್ರತಿ ಕಿಂಡಿಗೂ ಬರುತ್ತದೆಯೇ ನೋಡಿಕೊಳ್ಳಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದರೆ ಒಂದು ಟ್ರ್ಯಾಕಿಗೆ ಗಂಟೆಗೆ ಸುಮಾರು 520 ಎಂಬಿ ಜಾಗ ಬೇಕು. ಅತಿ ಗಟ್ಟಿ ಸದ್ದು ಬಂದಾಗಲೂ ಮಾಪಕ ಮೈನಸ್ 10 ಡೆಸಿಬಲ್ ದಾಟದಂತೆ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಪ್ರಮಾಣ) ಇಡಿ. ಮೃದಂಗದವರು ತನಿ ಆವರ್ತನದಲ್ಲಿ ಪರೀಕ್ಷೆಯ ಹೊತ್ತಿಗಿಂತ ಗಟ್ಟಿಯಾಗಿಯೇ ನುಡಿಸುತ್ತಾರೆ. ಸಾಫ್ಟ್‌ವೇರ್ ಯಾವುದಾದರೂ ಆದೀತು, ರೀಪರ್ ಆಗಲಿ ಆರ್ಡರ್ ಆಗಲಿ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಧ್ವನಿಯ ಮಾದರಿಗಳ ಸಂಖ್ಯೆ) ಮಾತ್ರ ಮುದ್ರಣದ ಹೊತ್ತಿಗೆ 128 ಇರಲಿ, ಅದು 3 ಮಿಲಿಸೆಕೆಂಡ್‌ಗಿಂತ ಕಡಿಮೆ ವಿಳಂಬ. 1024 ಇಟ್ಟರೆ 21 ಮಿಲಿಸೆಕೆಂಡ್ ಆಗಿ, ಹೆಡ್‌ಫೋನಿನಲ್ಲಿ ತಮ್ಮ ಧ್ವನಿ ಹಿಂದೆ ಬಿದ್ದಂತೆ ಕೇಳಿಸಿ ಗಾಯಕರ ತಾಳ ಎಳೆಯುತ್ತದೆ.

ಕೂರಿಸುವುದು

ಸಿನಿಮಾ ಹಾಡಿನಂತೆ ಒಬ್ಬೊಬ್ಬರನ್ನೇ ಬೇರೆ ಬೇರೆ ಮುದ್ರಿಸುವ ಕ್ರಮ ಭಾವಗೀತೆಗೆ ನಡೆಯುತ್ತದೆ. ಕೃತಿಗೆ, ಅದರಲ್ಲೂ ನೆರವಲ್, ಸ್ವರಕಲ್ಪನೆಗಳಿಗೆ ನಡೆಯುವುದಿಲ್ಲ. ಅಲ್ಲಿ ಮುಖ ನೋಡಿಕೊಂಡೇ ನುಡಿಸಬೇಕು. ವೇದಿಕೆಯಲ್ಲಿ ಕೂರುವ ಕ್ರಮವನ್ನು ಬಿಟ್ಟು, ಗಾಯಕರನ್ನೂ ಮೃದಂಗದವರನ್ನೂ ಐದಾರು ಅಡಿ ದೂರದಲ್ಲಿ ಎದುರುಬದುರು ಕೂರಿಸಿ. ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಕಡೆಯಿಂದ ಬರುವ ಸದ್ದು ಅತಿ ಕಡಿಮೆ ಕೇಳಿಸುವುದರಿಂದ, ಗಾಯಕರ ಮೈಕಿನ ಬೆನ್ನು ಮೃದಂಗಕ್ಕೂ, ಮೃದಂಗದ ಮೈಕುಗಳ ಬೆನ್ನು ಆದಷ್ಟು ಗಾಯಕರಿಗೂ ಬರುತ್ತದೆ. ಎರಡು ಮೈಕುಗಳ ನಡುವಿನ ದೂರ, ಪ್ರತಿ ಮೈಕಿಗೂ ಅದರ ವಾದ್ಯಕ್ಕೂ ಇರುವ ದೂರದ ಮೂರರಷ್ಟಾದರೂ ಇರಲಿ.

ಧ್ವನಿಗೆ ಮೈಕ್ ಒಂದು ಗೇಣು ದೂರ, ನಡುವೆ ಉಸಿರಿನ ಹೊಡೆತ ತಡೆಯುವ ಜಾಲರಿ, ಅಂದರೆ ಪಾಪ್ ಫಿಲ್ಟರ್. ಕೊಳಲಿಗೆ ಊದುವ ರಂಧ್ರದ ಎದುರು ಇಡದೆ, ಮೇಲಿನಿಂದ ಒಂದಡಿ ಎತ್ತರದಲ್ಲಿ ಬೆರಳುಗಳ ಕಡೆಗೆ ವಾಲಿಸಬೇಕು. ವೀಣೆಗೆ ಕೊಡದ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಆಸುಪಾಸಿನತ್ತ, ಒಂದಡಿಯಿಂದ ಒಂದೂವರೆ ಅಡಿ ದೂರದಲ್ಲಿಟ್ಟರೆ ಮೀಟಿನ ಚುರುಕೂ ಕೊಡದ ತುಂಬುನಾದವೂ ಸೇರಿ ಬರುತ್ತವೆ. ಪಿಟೀಲಿಗೆ ಮೇಲಿನಿಂದ ಎರಡಡಿ. ಶ್ರುತಿಪೆಟ್ಟಿಗೆಯನ್ನು ಕೋಣೆಯಲ್ಲಿ ನುಡಿಸಲೇಬಾರದು. ಅದು ಎಲ್ಲ ಮೈಕಿಗೂ ಸೋರಿ, ಆಮೇಲೆ ಒಂದು ಸಾಲನ್ನೂ ಕತ್ತರಿಸಿ ಜೋಡಿಸಲಾಗದಂತೆ ಮಾಡುತ್ತದೆ. ಶ್ರುತಿಯನ್ನು ನೇರ ಇಂಟರ್‌ಫೇಸಿಗೆ ಕೊಟ್ಟು, ಮುಚ್ಚಿದ ಬಗೆಯ ಹೆಡ್‌ಫೋನುಗಳಲ್ಲಿ ಎಲ್ಲರಿಗೂ ಕೇಳಿಸಿ. ನಿಜವಾದ ತಂಬೂರಿಯನ್ನು ಬಳಸುವ ಮನಸ್ಸಿದ್ದರೆ ಅದನ್ನು ಮೊದಲೇ ಬೇರೆಯಾಗಿ ಹತ್ತು ನಿಮಿಷ ಮುದ್ರಿಸಿಟ್ಟುಕೊಳ್ಳುವುದು ಒಳ್ಳೆಯದು.

ವಿದ್ಯುತ್ತು ಮತ್ತು ತೇವ

ಎಲ್ಲ ಸಲಕರಣೆಗಳಿಗೂ ಒಂದೇ ಕಡೆಯಿಂದ, ಸರಿಯಾಗಿ ಅರ್ಥಿಂಗ್ ಆಗಿರುವ ಸಾಕೆಟ್ಟಿನಿಂದ ವಿದ್ಯುತ್ ಕೊಡಿ. ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಬಂದರೆ ಅರ್ಥ್ ತಂತಿಯನ್ನು ಕತ್ತರಿಸುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ. ಅದು ಜೀವಕ್ಕೆ ಅಪಾಯ. ದಾರಿಯಲ್ಲಿ ಸೇರುವ ಗುಂಯ್ ಸದ್ದನ್ನು ಅಳಿಸುವ ಬ್ಯಾಲೆನ್ಸ್ಡ್ ಕೇಬಲ್ ಬಳಸಿ, ಬೆಳಕು ತಗ್ಗಿಸಬಹುದಾದ ಡಿಮ್ಮರ್ ದೀಪ ಮತ್ತು ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರುಗಳನ್ನು ಬಂದ್ ಮಾಡಿ ನೋಡಿ, ಹೆಚ್ಚಿನ ಬಾರಿ ಅಲ್ಲಿಯೇ ಕಳ್ಳ ಸಿಗುತ್ತಾನೆ. ಮನೆಗೆ ಇನ್ವರ್ಟರ್ ಇದ್ದರೆ ಅದು ಸೈನ್‌ವೇವ್ ಬಗೆಯದಾಗಿರಬೇಕು.

ಕರಾವಳಿ, ಮಲೆನಾಡುಗಳಲ್ಲಿ ಕಂಡೆನ್ಸರ್ ಮೈಕುಗಳಿಗೆ ಮಳೆಗಾಲದಲ್ಲಿ ತೇವ ಹಿಡಿದು ಚಟಪಟ ಸದ್ದು ಶುರುವಾಗುತ್ತದೆ. ಕೆಲಸ ಮುಗಿದೊಡನೆ ಅವನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಜೆಲ್ ತೇವ ಹೀರಿ ಬಣ್ಣ ಬದಲಾಯಿಸಿದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಮೃದಂಗದ ಚರ್ಮವೂ ವೀಣೆಯ ತಂತಿಯೂ ಕೋಣೆಯ ಹವೆಗೆ ಹೊಂದಿಕೊಳ್ಳಲು ಸಮಯ ಬೇಕಾದ್ದರಿಂದ, ವಾದ್ಯಗಳನ್ನು ಮುದ್ರಣಕ್ಕೆ ಅರ್ಧ ಗಂಟೆ ಮೊದಲೇ ಒಳಗಿಟ್ಟು, ಏಸಿ ಆರಿಸಿದ ಮೇಲೆಯೇ ಕೊನೆಯ ಸಲ ಶ್ರುತಿ ಮಾಡಿಸಿ.

ಎಲ್ಲವೂ ಕೂತ ಮೇಲೆ ಮೊದಲ ದಿನ ಹಾಡು ಮುದ್ರಿಸಬೇಡಿ. ಒಬ್ಬರು ಒಂದೇ ಪಲ್ಲವಿಯನ್ನು ಕೋಣೆಯ ಐದಾರು ಜಾಗಗಳಲ್ಲಿ ಕುಳಿತು ಹಾಡಲಿ, ಜೊತೆಗೆ ಪ್ರತಿ ಜಾಗದಲ್ಲೂ ಒಂದು ನಿಮಿಷದ ಮೌನವನ್ನೂ ಮುದ್ರಿಸಿ. ಮರುದಿನ ಬೆಳಗ್ಗೆ ಯಾವುದು ಯಾವ ಜಾಗವೆಂದು ನೋಡದೆ ಕೇಳಿ. ಷಡ್ಜ ಉಬ್ಬದ, ಮೌನದಲ್ಲಿ ಅತಿ ಕಡಿಮೆ ಸದ್ದಿರುವ ಜಾಗವನ್ನು ಆರಿಸಿ, ಚಾಪೆಯ ನಾಲ್ಕು ಮೂಲೆಗಳಿಗೂ ಮೈಕ್ ಸ್ಟ್ಯಾಂಡಿನ ಮೂರು ಕಾಲುಗಳಿಗೂ ನೆಲದ ಮೇಲೆ ಬಣ್ಣದ ಟೇಪು ಅಂಟಿಸಿ, ಅಳತೆಗಳನ್ನು ಸದ್ದಿನ ದಿನಚರಿಯ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.